ಆರ್ದ್ರೆಯ ಬಣ್ಣಕ್ಕೆ ಸರಿಯಾದ ಅಂಕ

ನೀಲಿ ಶೋಧಕದಲ್ಲಿ ಅಳೆದ ಕಾಂತಿಮಾನದಿಂದ ಹಳದಿ-ಹಸಿರು ಶೋಧಕದ ಕಾಂತಿಮಾನವನ್ನು ಕಳೆದಾಗ ಉಳಿಯುವ ಸಂಖ್ಯೆಯೇ ನಕ್ಷತ್ರದ ವರ್ಣಾಂಕ. ಹೆರಾಲ್ಡ್ ಜಾನ್ಸನ್ ಮತ್ತು ವಿಲಿಯಂ ಮಾರ್ಗನ್ 1953ರಲ್ಲಿ ರೂಪಿಸಿದ ಪದ್ಧತಿಯಲ್ಲಿ ಇದಕ್ಕೆ 'ಬಿ-ವಿ' ಎಂದು ಹೆಸರು. ಅಭಿಜಿತ್ ನಕ್ಷತ್ರದ ಬಿ-ವಿ ಹೆಚ್ಚುಕಡಿಮೆ ಸೊನ್ನೆ, ಸೂರ್ಯನದು ಸುಮಾರು 0.65, ಆರ್ದ್ರೆಯದು 1.85ರ ಆಸುಪಾಸು. ಅಂಕ ಹೆಚ್ಚಿದಷ್ಟೂ ತಾರೆ ಕೆಂಪು.

ಕಾಂತಿ ಏರಿಳಿಯುವ ಚರನಕ್ಷತ್ರಗಳನ್ನು ಕ್ಯಾಮೆರಾದಿಂದ ಅಳೆಯುವವರು ಈ ಅಂಕವನ್ನು ಬಿಟ್ಟು ಮುಂದೆ ಹೋಗಲಾಗದು. ಒಂದು ಕ್ಯಾಮೆರಾ ಬಣ್ಣವನ್ನು ಗ್ರಹಿಸುವ ರೀತಿ ಇನ್ನೊಂದರಂತಿರುವುದಿಲ್ಲ. 2020ರ ಫೆಬ್ರುವರಿಯಲ್ಲಿ ಆರ್ದ್ರೆ ಮಂಕಾಗಿ ಸುಮಾರು 1.6 ಕಾಂತಿಮಾನಕ್ಕೆ ಇಳಿದದ್ದನ್ನು ಜಗತ್ತಿನ ಹಲವು ಕಡೆಯಿಂದ ಅಳೆದರು. ಅದಕ್ಕೆ ಹೋಲಿಕೆಯಾಗಿ ಬಳಸುವ ತಾರೆಗಳಲ್ಲಿ ಸುಮಾರು 5 ಡಿಗ್ರಿ ದೂರದ ಫೈ-2 ಓರಿಯಾನಿಸ್ ಒಂದು. ಅದರ ಬಿ-ವಿ 0.95. ಎರಡರ ಬಣ್ಣದ ಅಂತರ 0.90. ಕ್ಯಾಮೆರಾದ ವರ್ಣ ಗುಣಾಂಕ, ಅಂದರೆ ಬಣ್ಣದ ಅಂತರಕ್ಕೆ ತಕ್ಕಂತೆ ಅಳತೆ ಸರಿಯುವ ಪ್ರಮಾಣ, 0.05 ಎಂದಿಟ್ಟುಕೊಂಡರೆ, ತಿದ್ದದೆ ಬಿಟ್ಟ ಅಳತೆಯಲ್ಲಿ 0.045ರಷ್ಟು ತಪ್ಪು ನುಸುಳುತ್ತದೆ. ಆರ್ದ್ರೆಯ ದಿನದಿನದ ಸಣ್ಣ ಏರಿಳಿತವನ್ನು ಮುಚ್ಚಿಹಾಕಲು ಇಷ್ಟು ಸಾಕು. ಸಾಧ್ಯವಿದ್ದಲ್ಲೆಲ್ಲ ಚರನಕ್ಷತ್ರದ ಬಣ್ಣಕ್ಕೆ ಹತ್ತಿರವಾದ ಹೋಲಿಕೆ ತಾರೆಯನ್ನೇ ಆರಿಸಬೇಕು ಎನ್ನುವುದು ಇದಕ್ಕಾಗಿ.

ತಿದ್ದುಪಡಿಗೆ ಬೇಕಾದ ಅಂಕ ಎಲ್ಲಿಂದ ತರಬೇಕು? ತೊಡಕು ಇರುವುದು ಇಲ್ಲೇ. ಹಿಪ್ಪಾರ್ಕಸ್ ಉಪಗ್ರಹದ ದತ್ತಾಂಶದಿಂದ 2000ದಲ್ಲಿ ಹೊರಬಂದ ಟೈಕೊ-2 ಪಟ್ಟಿಯಲ್ಲಿ ಸುಮಾರು 25 ಲಕ್ಷ ತಾರೆಗಳಿವೆ. ಆದರೆ ಅದರ ನೀಲಿ ಮತ್ತು ಹಳದಿ ತರಂಗಪಟ್ಟಿಗಳು ಜಾನ್ಸನ್ ಪದ್ಧತಿಯವಲ್ಲ. ಟೈಕೊ ವರ್ಣಾಂಕವನ್ನು 0.85ರಿಂದ ಗುಣಿಸಿದರೆ ಮಾತ್ರ ಅಂದಾಜು ಬಿ-ವಿ ಸಿಗುತ್ತದೆ. ಟೈಕೊದ 1.00 ಅನ್ನು ಹಾಗೆಯೇ ಬರೆದುಕೊಂಡವರು 0.15ರಷ್ಟು ದಾರಿ ತಪ್ಪಿರುತ್ತಾರೆ. 9ನೇ ಕಾಂತಿಮಾನಕ್ಕಿಂತ ಪ್ರಕಾಶಮಾನ ತಾರೆಗಳಲ್ಲಿ ಈ ಪಟ್ಟಿ ನಂಬಿಕಸ್ತ. ಮಂದವಾದಂತೆ ದೋಷ ಬೆಳೆಯುತ್ತದೆ. ಅಲ್ಲಿಂದ ಮುಂದಕ್ಕೆ, ಸುಮಾರು 10ರಿಂದ 17ರವರೆಗಿನ ತಾರೆಗಳಿಗೆ, 1911ರಲ್ಲಿ ಹುಟ್ಟಿದ ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘದ ಎಪಾಸ್ ಸಮೀಕ್ಷೆ ನೆರವಾಗುತ್ತದೆ. ಎಲ್ಲಕ್ಕೂ ಮೂಲ ಮಾನದಂಡವಾಗಿ ಆರ್ಲೊ ಲ್ಯಾಂಡೋಲ್ಟ್ ಖಗೋಳ ವಿಷುವದ್ವೃತ್ತದ ಉದ್ದಕ್ಕೂ ಅಳೆದಿಟ್ಟ ತಾರೆಗಳಿವೆ.

ಹಲವು ಮೂಲಗಳಿಂದ ಕಲೆಹಾಕಿದ ದತ್ತಕೋಶಗಳಲ್ಲಿ ಇನ್ನೊಂದು ಅಪಾಯವಿದೆ. ಅಲ್ಲಿ ಬಿ ಒಬ್ಬರ ಅಳತೆ, ವಿ ಇನ್ನೊಬ್ಬರದ್ದಾಗಿರಬಹುದು. ಸ್ಥಿರ ತಾರೆಗೆ ಇದು ಅಲ್ಪ ದೋಷ. ಚರನಕ್ಷತ್ರಕ್ಕೆ ಮಾತ್ರ ಬೇರೆ ಬೇರೆ ರಾತ್ರಿಗಳ ಎರಡು ಅಳತೆಗಳ ವ್ಯತ್ಯಾಸ ಅರ್ಥಹೀನ. ಬೆಳಕಿನ ಜೊತೆಗೆ ಬಣ್ಣವೂ ಬದಲಾಗುವುದರಿಂದ ಬಿ ಮತ್ತು ವಿ ಎರಡನ್ನೂ ಒಂದೇ ರಾತ್ರಿ, ಬೆನ್ನುಬೆನ್ನಿಗೇ ತೆಗೆದುಕೊಂಡು ಬಣ್ಣವನ್ನು ಸ್ವತಃ ಕಂಡುಕೊಳ್ಳುವುದೇ ಉತ್ತಮ. ಅಂತರತಾರಾ ಧೂಳಿನ ಕೆಂಪನ್ನು ಕಳೆದ ಅಂಕವನ್ನೂ ಇಲ್ಲಿ ಬಳಸಬಾರದು. ಕ್ಯಾಮೆರಾಕ್ಕೆ ಬಂದು ತಲುಪುವುದು ಧೂಳನ್ನು ದಾಟಿದ ಬೆಳಕೇ.

ಕ್ಯಾಮೆರಾದ ಗುಣಾಂಕ ಕಂಡುಕೊಳ್ಳಲು ಕರ್ಕಾಟಕ ರಾಶಿಯ ಎಂ-67 ತಾರಾಗುಚ್ಛ ಹೇಳಿಮಾಡಿಸಿದ ಜಾಗ. ನೀಲಿಯಿಂದ ಕೆಂಪಿನವರೆಗಿನ ತಾರೆಗಳು ಒಂದೇ ಚಿತ್ರದಲ್ಲಿ ಸಿಗುತ್ತವೆ. ಅಳೆದ ಕಾಂತಿಗೂ ಪಟ್ಟಿಯ ಕಾಂತಿಗೂ ಇರುವ ವ್ಯತ್ಯಾಸವನ್ನು ಬಿ-ವಿ ಎದುರು ಗುರುತಿಸುತ್ತ ಹೋದರೆ ಮೂಡುವ ಗೆರೆಯ ಇಳಿಜಾರೇ ಗುಣಾಂಕ. ಈ ವಿಷಯದಲ್ಲಿ ಕೊಲ್ಹಾಪುರ ಭಾಗ ಅದೃಷ್ಟಶಾಲಿ. ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಿನಲ್ಲಿ ಎಂ-67 ನೆತ್ತಿಯಿಂದ 5 ಡಿಗ್ರಿಯಷ್ಟೇ ಸರಿದು ಹೋಗುತ್ತದೆ, ಲ್ಯಾಂಡೋಲ್ಟ್ ತಾರೆಗಳು 73 ಡಿಗ್ರಿ ಎತ್ತರಕ್ಕೆ ಏರುತ್ತವೆ. ಎತ್ತರದಲ್ಲಿದ್ದಷ್ಟೂ ನಡುವಿನ ಗಾಳಿಯ ಪದರ ತೆಳು.

ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಮಳೆ ಸರಿದು ಆಕಾಶ ತೆರೆಯುವ ಹೊತ್ತಿಗೆ ಕಬ್ಬಿನ ಹಂಗಾಮು ಶುರು; ರವದಿ ಸುಟ್ಟ ಹೊಗೆ ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತದೆ. ಇಚಲಕರಂಜಿಯಂಥ ಮಗ್ಗದ ಪಟ್ಟಣದಲ್ಲಿ ಎಲ್‌ಇಡಿ ಬೀದಿದೀಪಗಳ ನೀಲಿ ಅಂಶ ಬಿ ಶೋಧಕದ ಹಿನ್ನೆಲೆಯನ್ನು ಬೆಳಗಿಸಿಬಿಡುತ್ತದೆ. ಗಡಹಿಂಗ್ಲಜದ ಹೊರಗಿನ ಹೊಲಗಳು, ಹಿರಣ್ಯಕೇಶಿಯ ಬಯಲು ಈ ಕೆಲಸಕ್ಕೆ ಹೆಚ್ಚು ಅನುಕೂಲ. ಹೊಗೆ ಕವಿದ ರಾತ್ರಿ ಹೋಲಿಕೆ ತಾರೆಯನ್ನು ಅದೇ ಚಿತ್ರದ ಚೌಕಟ್ಟಿನೊಳಗೆ ಆರಿಸಿದರೆ ಎರಡೂ ತಾರೆಗಳ ಬೆಳಕು ಹೆಚ್ಚುಕಡಿಮೆ ಸಮನಾಗಿ ಕುಗ್ಗಿ ದೋಷ ಬಹುಪಾಲು ಕಳೆದುಹೋಗುತ್ತದೆ. ಅಳತೆಯನ್ನು ದಾಖಲಿಸುವಾಗ ಬಳಸಿದ ಬಿ-ವಿ, ಅದರ ಮೂಲ ಪಟ್ಟಿ, ಅದರ ದೋಷಮಿತಿ ಮತ್ತು ಕ್ಯಾಮೆರಾದ ಗುಣಾಂಕ, ಇವು ನಾಲ್ಕನ್ನೂ ಜೊತೆಗೇ ಬರೆದಿಡಬೇಕು. ಮುಂದೆ ಇನ್ನೂ ಖಚಿತವಾದ ವರ್ಣಾಂಕ ಸಿಕ್ಕಾಗ ಹಳೆಯ ಅಳತೆಯನ್ನು ಮತ್ತೆ ಲೆಕ್ಕ ಹಾಕಿ ಸರಿಪಡಿಸಬಹುದು.