ಗುಡ್ಡ ಇಳಿದ ಮೇಲೆ ನೀಲಿ ಹೊಗೆ

ಬೈಲಹೊಂಗಲದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮನೆಯಲ್ಲೊಂದು ಹಳೆಯ ಮಾರುತಿ 800 ಇದೆ. ಸವದತ್ತಿ ಎಲ್ಲಮ್ಮನ ಗುಡ್ಡವನ್ನು ಅದು ಸಲೀಸಾಗಿ ಹತ್ತುತ್ತದೆ. ದರ್ಶನ ಮುಗಿಸಿ ಗುಡ್ಡ ಇಳಿದು, ಸಪಾಟು ರಸ್ತೆಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಸೈಲೆನ್ಸರಿನಿಂದ ಭುಸ್ಸೆಂದು ನೀಲಿ ಹೊಗೆ ಬರುತ್ತದೆ. ತುಸು ದೂರ ಹೋಗುವಷ್ಟರಲ್ಲಿ ಹೊಗೆ ಮಾಯ. ಮನೆಯ ಹಿರಿಯರು "ಹರಕಿ ಬಾಕಿ ಉಳದೈತಿ, ಅದಕ್ಕ ಹಿಂಗ ಆಗಾಕತ್ತೈತಿ" ಅಂದರಂತೆ. ಗ್ಯಾರೇಜಿನ ಮಿಸ್ತ್ರಿ "ಎಂಜಿನ್ ಬೋರಿಗೆ ಬಂದೈತ್ರೀ, ಬಿಚ್ಚಬೇಕು" ಅಂದನಂತೆ. ಯಾರ ಮಾತು ಕೇಳಲಿ ಎಂಬುದು ಪ್ರಶ್ನೆ.

ಪತ್ರ ಓದಿ ನನಗೆ ಬಹಳ ಖುಷಿಯಾಯಿತು. ಯಾಕೆಂದರೆ ಉತ್ತರ ಆ ಪತ್ರದಲ್ಲೇ ಇದೆ. ಹೊಗೆಯ ಬಣ್ಣವನ್ನು ಎಲ್ಲರೂ ನೋಡುತ್ತಾರೆ. ಈ ಓದುಗರು ಹೊಗೆ ಬರುವ ಹೊತ್ತನ್ನೂ ನೋಡಿದ್ದಾರೆ.

ಬಣ್ಣದ ಪಾಠ ಚಿಕ್ಕದು. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚಾಗಿದೆ, ಇಲ್ಲವೇ ಗಾಳಿ ಕಡಿಮೆಯಾಗಿದೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳಲ್ಲಿ ಇದನ್ನು ದಿನವೂ ಕಾಣಬಹುದು. ಬಿಳಿ ಎಂದರೆ ನೀರು. ಚಳಿಗಾಲದ ಬೆಳಿಗ್ಗೆ ಬರುವ ತೆಳು ಬಿಳಿ ಹಬೆಗೆ ಹೆದರುವುದೇ ಬೇಡ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಉರಿದು ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರಿನ ನೀರು ಕಾರಣವಿಲ್ಲದೆ ಇಳಿಯುತ್ತಿದ್ದರೆ, ಆಗ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಅನುಮಾನ ಬರಬೇಕು. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ.

ಆದರೆ ಡಬ್ಬಿಯಲ್ಲಿ ಹೊನ್ನಿನ ಬಣ್ಣಕ್ಕೆ, ಎಂಜಿನ್ನಿನಲ್ಲಿ ಕಪ್ಪಗೆ ಇರುವ ಎಣ್ಣೆ, ಹೊಗೆಯಾದಾಗ ನೀಲಿಯಾಗುವುದು ಹೇಗೆ? ಆ ನೀಲಿ ಎಣ್ಣೆಯದ್ದಲ್ಲ, ಬೆಳಕಿನದ್ದು. ಸಿಲಿಂಡರಿನ ಕಾವಿಗೆ ಆವಿಯಾದ ಎಣ್ಣೆ ಹೊರಗಿನ ಗಾಳಿ ತಾಗಿದೊಡನೆ ಅತಿ ಸಣ್ಣ ಹನಿಗಳಾಗುತ್ತದೆ. ಬಹಳಷ್ಟು ಹನಿಗಳು ಬೆಳಕಿನ ಅಲೆಯ ಉದ್ದಕ್ಕಿಂತಲೂ ಚಿಕ್ಕವು, ಅಂದರೆ ಅರ್ಧ ಮೈಕ್ರಾನಿಗಿಂತ ಕಡಿಮೆ. ಇಷ್ಟು ಸಣ್ಣ ಕಣಗಳು ಕೆಂಪು ಬೆಳಕನ್ನು ತಮ್ಮ ಪಾಡಿಗೆ ಹೋಗಗೊಟ್ಟು ನೀಲಿಯನ್ನು ಹೆಚ್ಚಾಗಿ ಚೆದರಿಸುತ್ತವೆ. ಐರ್ಲೆಂಡಿನ ಜಾನ್ ಟಿಂಡಾಲ್ 1860ರ ದಶಕದಲ್ಲಿ ಗಾಜಿನ ಕೊಳವೆಯೊಳಗೆ ಇಂಥದೇ ಮಂಜನ್ನು ಹುಟ್ಟಿಸಿ ಆ ನೀಲಿಯನ್ನು ತೋರಿಸಿದ್ದ. 1871ರಲ್ಲಿ ಲಾರ್ಡ್ ರೇಲಿ ಅದಕ್ಕೆ ಗಣಿತ ಕೊಟ್ಟ. ಬೀಡಿಯ ತುದಿಯಿಂದ ಏಳುವ ಹೊಗೆ ನೀಲಿ, ಸೇದಿ ಹೊರಬಿಟ್ಟದ್ದು ಬೂದು ಬಿಳಿ. ಪುಪ್ಪುಸದೊಳಗೆ ತೇವ ಹಿಡಿದು ಕಣಗಳು ದಪ್ಪಗಾಗಿರುತ್ತವೆ. ದಪ್ಪ ಕಣ ಎಲ್ಲ ಬಣ್ಣಗಳನ್ನೂ ಒಂದೇ ಸಮ ಚೆದರಿಸುತ್ತದೆ.

ಇದರಲ್ಲೊಂದು ಉಪಯೋಗವೂ ಇದೆ. ಚೆದರಿದ ಬೆಳಕು ಕಾಣಬೇಕಾದರೆ ಹಿನ್ನೆಲೆ ಕಪ್ಪಗಿರಬೇಕು. ಬಿಳಿಚಿದ ಆಕಾಶದ ಎದುರು ಅದೇ ಹೊಗೆ ಮಾಸಲು ಕಂದಾಗಿ ಕಾಣುತ್ತದೆ, ಗೊತ್ತೇ ಆಗುವುದಿಲ್ಲ. ಬೈಲಹೊಂಗಲ, ಸವದತ್ತಿಯವರಿಗೆ ಇದಕ್ಕಾಗಿ ಎಲ್ಲೂ ಹೋಗಬೇಕಿಲ್ಲ. ಉತ್ತಿದ ಎರೆಹೊಲದ ಪಕ್ಕ ಕಾರು ನಿಲ್ಲಿಸಿ, ಒಬ್ಬರು ಆಕ್ಸಿಲರೇಟರ್ ಒತ್ತಲಿ, ಇನ್ನೊಬ್ಬರು ಹೊಲವನ್ನು ಹಿನ್ನೆಲೆಯಾಗಿಟ್ಟುಕೊಂಡು ಬದಿಯಿಂದ ನೋಡಲಿ. ನಾನು ಎಷ್ಟೋ ಗಾಡಿಗಳನ್ನು ಹೀಗೆ ನೋಡಿದ್ದೇನೆ. ಗ್ಯಾರೇಜಿನ ಸುಣ್ಣದ ಗೋಡೆಯೆದುರು ಅಡಗಿಕೊಂಡ ಹೊಗೆ ಎರೆಮಣ್ಣಿನ ಎದುರು ಎದ್ದು ಕಾಣುತ್ತದೆ.

ಇನ್ನು ಗುಡ್ಡದ ಮಾತು. ಗೇರಿನಲ್ಲಿಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಜಾರು ಇಳಿಯುವಾಗ ಪೆಟ್ರೋಲ್ ಎಂಜಿನ್ನಿನ ಗಾಳಿಯ ಬಾಗಿಲು ಮುಚ್ಚಿರುತ್ತದೆ. ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ, ಪಿಸ್ಟನ್‌ಗಳು ಗಾಳಿಗಾಗಿ ಎಳೆಯುತ್ತಲೇ ಇರುತ್ತವೆ. ಒಳಬರುವ ಗಾಳಿಯ ಕೊಳವೆಯಲ್ಲಿ ಒತ್ತಡ ಹೊರಗಿನದರ ಮೂರನೇ ಒಂದು ಪಾಲಿನಷ್ಟಕ್ಕೆ ಕುಸಿಯುತ್ತದೆ. ಈ ಎಳೆತಕ್ಕೆ ಸಿಗುವುದು ಸಿಲಿಂಡರಿನೊಳಗೆ ಗಾಳಿ ಬಿಡುವ ವಾಲ್ವಿನ ಕಾಂಡ. ಅದರ ಮೇಲೆ ಸದಾ ಎಣ್ಣೆ ಚಿಮ್ಮುತ್ತಿರುತ್ತದೆ; ಆ ಎಣ್ಣೆ ಕೆಳಗಿಳಿಯದಂತೆ ತಡೆಯುವುದು ಉಗುರಿನಷ್ಟಗಲದ ರಬ್ಬರ್ ಟೊಪ್ಪಿ, ವಾಲ್ವ್ ಸೀಲ್. ವರ್ಷಗಟ್ಟಲೆ ಕಾವು ಉಂಡ ರಬ್ಬರು ಗಟ್ಟಿಯಾಗಿ ಸೀಳಿರುತ್ತದೆ. ಇಳಿಜಾರಿನ ಉದ್ದಕ್ಕೂ ಎಣ್ಣೆ ಆ ಸೀಳಿನಿಂದ ಒಳಗೆ ಜಿನುಗುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ, ಕೂಡಿಬಿದ್ದದ್ದೆಲ್ಲ ಒಮ್ಮೆಲೇ ಉರಿದು ಹೊರಬೀಳುತ್ತದೆ. ಅಷ್ಟಾದ ಮೇಲೆ ಹೊಗೆ ನಿಲ್ಲುತ್ತದೆ.

ಭಾರತ ಹುಣ್ಣಿಮೆಗೆ ಗುಡ್ಡ ಹತ್ತಿ ಇಳಿಯುವ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಎಷ್ಟೋ ಹೀಗೇ ಹೊಗೆ ಬಿಡುತ್ತವೆ. ಅವುಗಳಲ್ಲಿ ಹರಕೆ ತೀರಿಸಿದವರವೂ ಇರುತ್ತವೆ. ಭಕ್ತಿ ಇಟ್ಟುಕೊಳ್ಳಿ, ಅದು ನಿಮ್ಮದು. ಆದರೆ ರಬ್ಬರಿನ ತಪ್ಪನ್ನು ಎಲ್ಲಮ್ಮನ ಮೇಲೆ ಹೊರಿಸುವುದು ತಾಯಿಗೂ ನ್ಯಾಯವಲ್ಲ. ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರೂ ಸೀಲು ಮೆತ್ತಗಾಗುವುದಿಲ್ಲ. ಹೊಗೆ ಬರಬಾರದೆಂದು ಕೆಲವರು ನ್ಯೂಟ್ರಲ್ ಮಾಡಿ ಇಳಿಸುತ್ತಾರೆ. ಇದು ಮೂಢನಂಬಿಕೆಗಿಂತ ಅಪಾಯ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾದು ಸೋಲುತ್ತದೆ.

ಮಿಸ್ತ್ರಿಯ ಮಾತಿಗೆ ಬರೋಣ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ ಸವೆದು, ಪಿಸ್ಟನ್ನಿನ ರಿಂಗ್ ಸೋತ ಎಂಜಿನ್ ಏರಿನಲ್ಲಿ ಸಿಕ್ಕಿಬೀಳುತ್ತದೆ. ಮಂದಿ ತುಂಬಿಕೊಂಡು ಗುಡ್ಡ ಹತ್ತುವಾಗ ಒಂದೇ ಸಮ ನೀಲಿ ಹೊಗೆ ಬಿಡುತ್ತದೆ, ಪಿಕಪ್ ಇರುವುದಿಲ್ಲ, ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಭಕಭಕ ಹೊಗೆ ಉಗುಳುತ್ತದೆ. ನಮ್ಮ ಓದುಗರ ಕಾರು ಸಲೀಸಾಗಿ ಹತ್ತುತ್ತದಲ್ಲ! ಆದರೂ ಇಳಿಜಾರಿನ ಎಳೆತಕ್ಕೆ ಸವೆದ ಆಯಿಲ್ ರಿಂಗಿನ ಸಂದಿಯಿಂದಲೂ ಎಣ್ಣೆ ಬರಬಹುದು. ಹಾಗಾಗಿ ಇನ್ನೆರಡು ಸಾಕ್ಷಿ ಕೇಳಿ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಒಂದು ಉಸಿರು ನೀಲಿ ಹೊಗೆ ಬಂದು ನಿಂತರೆ, ಅದು ಸೀಲು ಸೋರಿ ರಾತ್ರಿ ಇಳಿದ ಎಣ್ಣೆ. ಎರಡನೆಯದು ಹಳೆಯ ಮಿಸ್ತ್ರಿಗಳ ಜಾಣ್ಮೆ. ಪ್ಲಗ್ ಬಿಚ್ಚಿ ಕಂಪ್ರೆಷನ್ ಅಳೆಯಿರಿ. ಕಡಿಮೆ ಬಂದರೆ ಅದೇ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಹೀಗೆ ಬಿಟ್ಟ ಆಯಿಲ್ಲು, ರಿಂಗಿನ ಸಂದಿಯನ್ನು ಮುಚ್ಚಿ ಒತ್ತಡ ಜಿಗಿದರೆ ರಿಂಗ್ ಸವೆದಿದೆ. ಮೊದಲ ಅಳತೆಯೇ ಮೂರೂ ಸಿಲಿಂಡರಿನಲ್ಲಿ ಚೆನ್ನಾಗಿದ್ದರೆ ಬೋರಿನ ಮಾತನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು. ಡೀಸೆಲ್ ಕ್ರೂಸರ್, ಟ್ರ್ಯಾಕ್ಸ್ ಇದ್ದವರಿಗೆ ಈ ಇಳಿಜಾರಿನ ಪರೀಕ್ಷೆ ಒಪ್ಪುವುದಿಲ್ಲ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೆ ಬಾಗಿಲೇ ಇಲ್ಲ, ಆ ಎಳೆತ ಹುಟ್ಟುವುದಿಲ್ಲ.

ರಿಂಗುಗಳ ಬಗ್ಗೆ ಇನ್ನೊಂದು ಮಾತು. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುವ ಕಾರು ಎಂದರೆ ಎಲ್ಲರೂ ಬೆಚ್ಚುತ್ತಾರೆ. ಲೆಕ್ಕ ಹಾಕಿ ನೋಡಿ. ಕಿಲೋಮೀಟರಿಗೆ 3,000 ಸುತ್ತು ಎಂದಿಟ್ಟುಕೊಂಡರೆ ಸಾವಿರ ಕಿಲೋಮೀಟರಿನಲ್ಲಿ ಮೂರು ಸಿಲಿಂಡರುಗಳು ಒಟ್ಟು 45 ಲಕ್ಷ ಸಲ ಸಿಡಿಯುತ್ತವೆ. ಒಂದು ಲೀಟರಿನಲ್ಲಿ ಹನಿಗಳು ಸುಮಾರು 20,000. ಅಂದರೆ ಇನ್ನೂರಿಪ್ಪತ್ತೈದು ಸಿಡಿತಕ್ಕೆ ಒಂದೇ ಒಂದು ಹನಿ! ಸಿಲಿಂಡರಿನ ಗೋಡೆಗೆ ಎಣ್ಣೆ ಬಳಿದು ಮತ್ತೆ ಕೆರೆಯುವ ರಿಂಗುಗಳು ಎಷ್ಟು ನಾಜೂಕಿನ ಕೆಲಸ ಮಾಡುತ್ತವೆ ಎಂಬುದು ನನಗೆ ಇಂದಿಗೂ ಸೋಜಿಗ.

ಆ ರಿಂಗುಗಳಿಗೆ ನಿಜವಾದ ವೈರಿ ಈ ಸೀಮೆಯಲ್ಲೇ ಇದೆ. ಭೂವಿಜ್ಞಾನಿಗಳು ಇಲ್ಲಿಯ ಗುಡ್ಡಗಳ ಕಲ್ಲನ್ನು ಸವದತ್ತಿ ಕ್ವಾರ್ಟ್ಜೈಟ್ ಎಂದೇ ಕರೆಯುತ್ತಾರೆ, ಅದನ್ನು ಸೇರಿಸಿರುವ ಪದರಕ್ಕೆ ರಾಮದುರ್ಗದ ಹೆಸರಿದೆ. ಕ್ವಾರ್ಟ್ಜ್‌ನ ಗಡಸುತನ ಮೋಸ್ ಅಳತೆಯಲ್ಲಿ 7, ಎರಕದ ಕಬ್ಬಿಣಕ್ಕಿಂತ ಹೆಚ್ಚು. ಅದರ ಧೂಳು ಹರಿದ ಏರ್ ಫಿಲ್ಟರಿನಿಂದ ಒಳಹೊಕ್ಕರೆ ಪಿಸ್ಟನ್ನಿನ ಪ್ರತಿ ಏರಿಳಿತಕ್ಕೂ ರಿಂಗನ್ನು, ಬೋರನ್ನು ಉಜ್ಜುತ್ತದೆ. ತೊರಗಲ್ಲಿನಂಥ ಧೂಳು ದಾರಿಯಲ್ಲಿ ದಿನವೂ ಓಡಾಡುವವರು ಏರ್ ಫಿಲ್ಟರನ್ನು ಕೈಪಿಡಿ ಹೇಳಿದ್ದಕ್ಕಿಂತ ಮುಂಚೆಯೇ ಬದಲಿಸಲಿ.

ಪತ್ರ ಬರೆದವರಿಗೆ: ದಪ್ಪನೆಯ ಆಯಿಲ್ ಸುರಿದು, ಹೊಗೆ ನಿಲ್ಲಿಸುವ ಡಬ್ಬಿ ಔಷಧ ಹಾಕಿ ಹಣ ಕಳೆಯಬೇಡಿ. ಎರಡು ಸಾಕ್ಷಿಯೂ ಸೀಲಿನ ಕಡೆಗೇ ಬೊಟ್ಟು ಮಾಡಿದರೆ ಸೀಲು ಬದಲಿಸಿ. ಹಳೆಯ ಮಾದರಿಯಲ್ಲಿ ಇರುವುದೇ ಆರು. ಕೈಚಳಕದ ಮಿಸ್ತ್ರಿಯಾದರೆ ಹೆಡ್ ಬಿಚ್ಚದೆ, ಪ್ಲಗ್ಗಿನ ತೂತಿನಿಂದ ಹಗ್ಗ ತುಂಬಿ ವಾಲ್ವನ್ನು ಕೆಳಗೆ ಜಾರದಂತೆ ಹಿಡಿದು ಕೆಲಸ ಮುಗಿಸುತ್ತಾನೆ. ಆಗಲೇ ವಾಲ್ವನ್ನು ಅಲ್ಲಾಡಿಸಿ, ಅದರ ಕಾಂಡ ಓಡಾಡುವ ಗೈಡ್ ಸವೆದಿದೆಯೇ ನೋಡಲು ಹೇಳಿ. ಗೈಡ್ ಸಡಿಲವಿದ್ದರೆ ಹೊಸ ಸೀಲು ಬಹಳ ದಿನ ಬಾಳುವುದಿಲ್ಲ. ಸೀಲು ಹಾಕಿದ ಮರುದಿನವೂ ನೀಲಿ ಹೊಗೆ ಕಂಡರೆ ಮಿಸ್ತ್ರಿಯ ಮೇಲೆ ರೇಗಬೇಡಿ. ಇಷ್ಟು ದಿನ ಸೈಲೆನ್ಸರಿನೊಳಗೆ ಕೂತ ಎಣ್ಣೆ ಉರಿದು ಮುಗಿಯಬೇಕು. ಒಂದು ಸಲ ಧಾರವಾಡದವರೆಗೆ ಹೋಗಿ ಬಂದ ಮೇಲೆ ಮತ್ತೆ ನೋಡಿ.