ಚಾನೆಲ್ ನೀರಿನ ಮೂಲ ಹುಡುಕುತ್ತಾ ಕುದುರೆಮುಖಕ್ಕೆ

ಕುದುರೆಮುಖ ಅಂದ ಕೂಡಲೇ ಕ್ಯಾಂಪಸ್‌ನಲ್ಲಿ ನಮಗೆಲ್ಲ ಮೊದಲು ನೆನಪಾಗೋದು ಟ್ರೆಕ್ಕಿಂಗ್. ಹಸಿರು ಗುಡ್ಡ, ಹಿಂದೆ ಮಂಜು, ಮುಂದೆ ರೈನ್‌ಕೋಟ್ ಹಾಕಿದ ಗೆಳೆಯರ ಗುಂಪು - ಪ್ರತಿ ಸೆಮಿಸ್ಟರ್ ರಜೆಯಲ್ಲೂ ವಾಟ್ಸಾಪ್ ಸ್ಟೇಟಸ್ ತುಂಬಾ ಇದೇ ಫೋಟೋ. ಆದರೆ ಎಪ್ಪತ್ತು ದಾಟಿದ ಅಜ್ಜಿ, ಮಂಡಿ ನೋವಿನ ಅಮ್ಮ, ಎಂಟನೇ ಕ್ಲಾಸಿನ ತಂಗಿ ಜೊತೆಗಿದ್ದರೆ? ಶಿಖರ ಹತ್ತದೇ ಆ ಬೆಟ್ಟವನ್ನು ನೋಡಿ ಅರ್ಥ ಮಾಡಿಕೊಳ್ಳೋಕೆ ಆಗುತ್ತಾ? ಖಂಡಿತ ಆಗುತ್ತೆ. ಕಳೆದ ದಸರಾ ರಜೆಯಲ್ಲಿ ನಾವು ಐದು ಜನ ಎರಡು ದಿನ ಅಲ್ಲಿ ಸುತ್ತಾಡಿ ಬಂದೆವು. ಅಲ್ಲಿ ಏನನ್ನು ನೋಡಬೇಕು, ಅದು ಹೇಗೆ ಕೆಲಸ ಮಾಡುತ್ತೆ, ಇಂಜಿನಿಯರಿಂಗ್ ಓದುವ ನಮಗೆ ಅದರಿಂದ ಏನು ಅನ್ನೋದನ್ನು ಇಲ್ಲಿ ವಿವರಿಸುತ್ತೇವೆ.

ನಾವು ಅಲ್ಲಿಗೇ ಯಾಕೆ ಹೋದೆವು?

ನಮ್ಮ ಊರು ದಾವಣಗೆರೆ ಹತ್ತಿರ. ನಮ್ಮ ಕಡೆ ಭತ್ತದ ಗದ್ದೆಗೆಲ್ಲ ಭದ್ರಾ ಚಾನೆಲ್ ನೀರೇ ಆಧಾರ. ಮಳೆ ಕೈಕೊಟ್ಟ ವರ್ಷ ಬೇಸಿಗೆ ಬೆಳೆಗೆ ನೀರು ಬಿಡ್ತಾರೋ ಇಲ್ಲವೋ ಅನ್ನೋದೇ ಊರಿನ ಮಾತು. ಜಲಾಶಯದಲ್ಲಿ ಎಷ್ಟು ಅಡಿ ನೀರಿದೆ ಅಂತ ಅಜ್ಜಿ ಪೇಪರ್‌ನಲ್ಲಿ ಓದಿಸಿ ಕೇಳ್ತಾರೆ. ಹಾಗಾಗಿ ರಜೆಗೆ ಎಲ್ಲಿಗೆ ಅನ್ನೋ ಪ್ರಶ್ನೆ ಬಂದಾಗ, "ಆ ನೀರು ಎಲ್ಲಿಂದ ಬರ್ತದೆ ಅಂತ ಒಂದ್ಸಲ ತೋರಿಸ್ರಪ್ಪ" ಅಂದರು. ಹೊರನಾಡು ಅನ್ನಪೂರ್ಣೇಶ್ವರಿ ದರ್ಶನವೂ ಆಗುತ್ತೆ ಅಂತ ಅಮ್ಮ ಒಪ್ಪಿದರು. ಕಳಸದ ಹತ್ತಿರ ಒಂದು ಹೋಂಸ್ಟೇ ಹಿಡಿದು ಹೊರಟೆವು.

ಕುದುರೆಮುಖ ರಾಷ್ಟ್ರೀಯ ಉದ್ಯಾನ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ವಿಸ್ತೀರ್ಣ ಸುಮಾರು 600 ಚದರ ಕಿ.ಮೀ. ಇದರೊಳಗಿನ ಗಂಗಾಮೂಲ ಎಂಬಲ್ಲಿ ಮೂರು ನದಿಗಳು ಹುಟ್ಟುತ್ತವೆ: ತುಂಗಾ, ಭದ್ರಾ, ನೇತ್ರಾವತಿ. ತುಂಗೆ ಶೃಂಗೇರಿ, ತೀರ್ಥಹಳ್ಳಿ ಕಡೆ ಹೋದರೆ, ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಅಣೆಕಟ್ಟೆ ಸೇರುತ್ತಾಳೆ. ಇಬ್ಬರೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ನೇತ್ರಾವತಿ ಮಾತ್ರ ಪಶ್ಚಿಮಕ್ಕೆ ಇಳಿದು, ಮಂಗಳೂರಿಗೆ ಕುಡಿಯುವ ನೀರು ಕೊಟ್ಟು ಅರಬ್ಬೀ ಸಮುದ್ರ ಸೇರುತ್ತಾಳೆ. ಒಂದೇ ಗುಡ್ಡದ ಮಳೆಗೆ ಎರಡು ಸಮುದ್ರ. ತಂಗಿ ಇದನ್ನು ಮ್ಯಾಪ್‌ನಲ್ಲಿ ಬೆರಳಿಟ್ಟು ನೋಡಿದ ಮೇಲೆಯೇ ನಂಬಿದ್ದು.

ಇಷ್ಟೊಂದು ಮಳೆ ಯಾಕೆ?

ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಅಲ್ಲಿಂದ ಸಮುದ್ರಕ್ಕೆ ನೇರ ಗೆರೆ ಎಳೆದರೆ 50-60 ಕಿ.ಮೀ. ಅಷ್ಟೇ. ಜೂನ್‌ನಲ್ಲಿ ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿಗೆ ಈ ಗೋಡೆ ಅಡ್ಡ ಸಿಗುತ್ತದೆ. ಬೇರೆ ದಾರಿ ಇಲ್ಲದೆ ಗಾಳಿ ಮೇಲೇರುತ್ತದೆ. ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ಥರ್ಮೋಡೈನಾಮಿಕ್ಸ್ ಕ್ಲಾಸಿನ ಅಡಿಯಾಬ್ಯಾಟಿಕ್ ಎಕ್ಸ್‌ಪಾನ್ಶನ್ ಇದೇ. ತಣ್ಣಗಾದ ಗಾಳಿಗೆ ಅಷ್ಟು ಆವಿ ಹಿಡಿದಿಟ್ಟುಕೊಳ್ಳೋಕೆ ಆಗಲ್ಲ, ಅದು ಮಳೆಯಾಗಿ ಸುರಿಯುತ್ತದೆ.

ಉದ್ಯಾನದ ಕೆಲವು ಭಾಗಗಳಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಬೀಳೋದು ಸಾವಿರ ಮಿ.ಮೀ. ಆಸುಪಾಸು. ಒಂದು ಸಣ್ಣ ಲೆಕ್ಕ ಮಾಡೋಣ. ಎಲ್ಲ ಕಡೆ ಒಂದೇ ಸಮ ಮಳೆ ಇರಲ್ಲ, ಅದಕ್ಕೆ ಸರಾಸರಿ 5,000 ಮಿ.ಮೀ., ಅಂದರೆ 5 ಮೀಟರ್ ಅಂತಲೇ ಹಿಡಿಯೋಣ. 600 ಚದರ ಕಿ.ಮೀ. ಅಂದರೆ 60 ಕೋಟಿ ಚದರ ಮೀಟರ್. ಗುಣಿಸಿದರೆ 300 ಕೋಟಿ ಘನ ಮೀಟರ್ ನೀರು. ಒಂದು ಟಿಎಂಸಿಗೆ 2.83 ಕೋಟಿ ಘನ ಮೀಟರ್. ಹಾಗಾಗಿ ಇದು ನೂರು ಟಿಎಂಸಿಗೂ ಮೇಲಾಯಿತು. ಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 71 ಟಿಎಂಸಿ. ಈ ಮಳೆಯೆಲ್ಲ ಭದ್ರೆಗೇ ಹೋಗಲ್ಲ, ಒಂದಷ್ಟು ಆವಿಯೂ ಆಗುತ್ತದೆ. ಆದರೂ ಎಷ್ಟು ದೊಡ್ಡ ಲೆಕ್ಕ ಅನ್ನೋದಕ್ಕೆ ಇಷ್ಟು ಸಾಕು.

ಈಗ ನಿಜವಾದ ಪ್ರಶ್ನೆ. ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹಾಗಿದ್ದರೂ ಹೊಳೆಗಳು ಫೆಬ್ರವರಿ, ಮಾರ್ಚ್‌ನಲ್ಲೂ ಹರಿಯೋದು ಹೇಗೆ?

ಹುಲ್ಲು ಮತ್ತು ಶೋಲಾ: ಬೆಟ್ಟದ ಕೆಪಾಸಿಟರ್

ಕಳಸದಿಂದ ಕುದುರೆಮುಖ ಪಟ್ಟಣಕ್ಕೆ ಸುಮಾರು 20 ಕಿ.ಮೀ. ಅಲ್ಲಿಂದ ಮುಂದೆ ಕಾರ್ಕಳದ ಕಡೆ ಎಸ್.ಕೆ. ಬಾರ್ಡರ್‌ವರೆಗಿನ ರಸ್ತೆಯಲ್ಲಿ ಕಾರಿನ ಕಿಟಕಿಯಿಂದಲೇ ಒಂದು ವಿಚಿತ್ರ ಕಾಣುತ್ತದೆ. ಗುಡ್ಡದ ಮೈಮೇಲೆಲ್ಲ ಬರೀ ಹುಲ್ಲು. ಎರಡು ಗುಡ್ಡ ಸೇರುವ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು. "ಮೇಲಿನ ಮರ ಯಾರು ಕಡಿದರು?" ಅಂತ ಅಪ್ಪ ಕೇಳಿದರು. ಬಹಳ ಜನ ಹೀಗೇ ಅಂದುಕೊಳ್ಳುತ್ತಾರೆ. ಆದರೆ ಎತ್ತರದ ಪಶ್ಚಿಮಘಟ್ಟದಲ್ಲಿ ಈ ಜೋಡಣೆ ಸಹಜವಾಗಿಯೇ ಇರುವಂಥದ್ದು. ಮಡಿಕೆಯಲ್ಲಿ ಬೆಳೆದ ಈ ಕಾಡಿಗೆ ಶೋಲಾ ಎನ್ನುತ್ತಾರೆ. ಬೋಳು ಏಣಿನ ಮೇಲೆ ಗಾಳಿ ಜೋರು, ಮಣ್ಣು ತೆಳು. ಅಲ್ಲಿ ಹುಲ್ಲು ಗೆಲ್ಲುತ್ತದೆ. ಮಡಿಕೆಯಲ್ಲಿ ಗಾಳಿಗೆ ಮರೆ ಇದೆ, ಮಣ್ಣು ಆಳ, ತೇವ ಹೆಚ್ಚು. ಅಲ್ಲಿ ಮರ ಗೆಲ್ಲುತ್ತದೆ.

ಇವೆರಡೂ ಸೇರಿ ಮಾಡುವ ಕೆಲಸ ಹೀಗಿದೆ. ಹುಲ್ಲಿನ ಬೇರು ಬಲೆಯಂತೆ ಹೆಣೆದುಕೊಂಡು ಇಳಿಜಾರಿನ ಮಣ್ಣನ್ನು ಹಿಡಿದಿಡುತ್ತದೆ, ನೀರಿನ ಓಟಕ್ಕೆ ತಡೆ ಒಡ್ಡುತ್ತದೆ. ಶೋಲಾದಲ್ಲಿ ಹನಿ ನೇರವಾಗಿ ನೆಲಕ್ಕೆ ಬೀಳಲ್ಲ. ಎಲೆಗೆ ತಾಗಿ, ಕೊಂಬೆಗೆ ತಾಗಿ, ಕಾಂಡದ ಮೇಲೆ ಇಳಿದು, ದಪ್ಪ ತರಗೆಲೆಯ ಹಾಸಿನೊಳಗೆ ಇಂಗುತ್ತದೆ. ಅಲ್ಲಿಂದ ಮಣ್ಣಿಗೆ, ಮಣ್ಣಿನಿಂದ ಕಲ್ಲಿನ ಬಿರುಕಿಗೆ. ತಿಂಗಳುಗಟ್ಟಲೆ ತಡೆದು, ಸಣ್ಣ ಒರತೆಯಾಗಿ ಹೊರಬರುತ್ತದೆ.

ಎಲೆಕ್ಟ್ರಿಕಲ್‌ನವರಿಗೆ ಒಂದೇ ಮಾತಲ್ಲಿ ಹೇಳೋದಾದರೆ ಇದು ಆರ್‌ಸಿ ಸರ್ಕ್ಯೂಟ್. ಮಳೆ ಇನ್‌ಪುಟ್, ಹೊಳೆ ಔಟ್‌ಪುಟ್, ಮಣ್ಣು ಕೆಪಾಸಿಟರ್. ಮಣ್ಣಿನ ಪದರ ಕೊಚ್ಚಿಹೋದರೆ ಟೈಮ್ ಕಾನ್‌ಸ್ಟೆಂಟ್ ಕುಸಿಯುತ್ತದೆ. ಆಗ ಜುಲೈನಲ್ಲಿ ಪ್ರವಾಹ, ಮಾರ್ಚ್‌ನಲ್ಲಿ ಬರಿದು. ಮಳೆ ಅಷ್ಟೇ ಬಿದ್ದಿರುತ್ತದೆ, ಹೊಳೆಗೆ ಬರುವ ಹೊತ್ತು ಮಾತ್ರ ಬದಲಾಗಿರುತ್ತದೆ. ನಮ್ಮ ಊರಿನ ಬೇಸಿಗೆ ಬೆಳೆಗೆ ಈ ಹೊತ್ತೇ ಮುಖ್ಯ.

ಅಜ್ಜಿಗೂ ಆಗುವಂಥ ಜಾಗಗಳು

ಶಿಖರದ ಟ್ರೆಕ್ ಹೋಗಿಬರಲು 20 ಕಿ.ಮೀ. ಹತ್ತಿರ. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ, ಮುಂಚೆಯೇ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿಸಬೇಕು. ಮನೆಮಂದಿಯ ಜೊತೆ ಅದರ ಆಸೆ ಬಿಡೋದೇ ಒಳ್ಳೆಯದು. ಕಡಾಂಬಿ ಜಲಪಾತ ರಸ್ತೆ ಪಕ್ಕದಲ್ಲೇ ಇದೆ, ಅಜ್ಜಿ ನಿಂತಲ್ಲೇ ನೋಡಿದರು. ಹನುಮಾನ್‌ಗುಂಡಿ ಜಲಪಾತಕ್ಕೆ ಮೆಟ್ಟಿಲಿಳಿಯಬೇಕು. ಇಳಿಯೋದು ಸುಲಭ, ಹತ್ತುವಾಗ ಮಂಡಿ ಮಾತಾಡುತ್ತೆ. ಅಮ್ಮ ಮತ್ತು ಅಜ್ಜಿ ಮೇಲೆಯೇ ಕೂತರು. ಗಂಗಾಮೂಲದ ಕಾಡಿನೊಳಗೆ ಸುಮ್ಮನೆ ನುಗ್ಗುವ ಹಾಗಿಲ್ಲ, ಅನುಮತಿ ಬೇಕು. ಹಾಗಾಗಿ ಭದ್ರೆಯನ್ನು ಅಜ್ಜಿಗೆ ತೋರಿಸಿದ್ದು ಕಳಸದಲ್ಲಿ. ನೀರು ಮುಟ್ಟಿ ತಲೆಗೆ ಚಿಮುಕಿಸಿಕೊಂಡು, "ಇಷ್ಟೇ ಇಷ್ಟಗಲ ಐತಲ್ಲೋ ಇಲ್ಲಿ" ಅಂದರು.

ಪ್ರಾಣಿ ನೋಡ್ತೀವಿ ಅಂತ ಹೋಗಬೇಡಿ. ಇದು ಸಫಾರಿ ಕಾಡಲ್ಲ. ನಮಗೆ ಕಂಡಿದ್ದು ಒಂದು ಕೆಂಜಳಿಲು ಮತ್ತು ರಸ್ತೆ ಬದಿಯ ಮಾಮೂಲಿ ಮಂಗಗಳು. ತಂಗಿ ಮಂಡಕ್ಕಿ ಡಬ್ಬಿ ತೆಗೆದಳು; ಜೀಪಿನ ಡ್ರೈವರ್ ತಕ್ಷಣ ತಡೆದರು. "ಕೊಡಬೇಡ ಮಗಾ, ಒಂದ್ಸಲ ರುಚಿ ಹತ್ತಿದ್ರೆ ರಸ್ತೆ ಬಿಟ್ಟು ಹೋಗಲ್ಲ, ಗಾಡಿಗೆ ಸಿಕ್ಕಿ ಸಾಯ್ತವೆ." ಈ ಕಾಡಿನ ನಿಜವಾದ ಒಡೆಯ ಸಿಂಗಳೀಕ: ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ಮರದಿಂದ ಮರಕ್ಕೆ ಹೋಗಿಯೇ ಬದುಕುತ್ತದೆ, ನೆಲಕ್ಕಿಳಿಯೋದು ಅಪರೂಪ. ಮರಗಳ ತಲೆ ಒಂದಕ್ಕೊಂದು ತಾಗಿರಬೇಕು. ನಡುವೆ ದೊಡ್ಡ ಕಂಡಿ ಬಿದ್ದರೆ ಅದರ ಪಾಲಿಗೆ ಕಾಡು ಎರಡು ತುಂಡು. 1980ರ ದಶಕದಲ್ಲಿ ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದವರು ಉಲ್ಲಾಸ ಕಾರಂತರು. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಗಲು ಆ ಕೆಲಸವೂ ಒಂದು ಕಾರಣ. ಅವರು ಮೂಲತಃ ಸುರತ್ಕಲ್‌ನಲ್ಲಿ ಓದಿದ ಮೆಕ್ಯಾನಿಕಲ್ ಇಂಜಿನಿಯರ್ ಅನ್ನೋದು ನಮ್ಮ ಓದುಗರಿಗೆ ಗೊತ್ತಿರಲಿ.

ಇಂಬಳಗಳ ಬಗ್ಗೆ ಒಂದು ಮಾತು. ಮಳೆಗಾಲ ಮುಗಿದ ಮೇಲೂ ಹುಲ್ಲಿನಲ್ಲಿ ಇರುತ್ತವೆ. ಕಚ್ಚಿದ್ದು ಗೊತ್ತೇ ಆಗಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಅದು ಬಿಡುವುದರಿಂದ ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಹೆದರಬೇಕಿಲ್ಲ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ, ಸಾಕು.

ಗಣಿ ನಿಂತಿತು, ಕೆಲಸ ನಿಂತಿಲ್ಲ

ಕುದುರೆಮುಖ ಪಟ್ಟಣದ ಹತ್ತಿರ ಬಂದಾಗ ದೃಶ್ಯ ಬದಲಾಗುತ್ತದೆ. ಸಾಲು ಸಾಲು ಕ್ವಾರ್ಟರ್ಸ್, ಹಲವಕ್ಕೆ ಬೀಗ. ಒಂದು ಕಾಲಕ್ಕೆ ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲ ತುಂಬಿ ತುಳುಕುತ್ತಿದ್ದ ಊರು ಇದು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿ ಮ್ಯಾಗ್ನೆಟೈಟ್ ಅದಿರು ತೆಗೆಯುತ್ತಿತ್ತು. ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ, 38 ಶೇಕಡಾದ ಒಳಗೆ. ಅದನ್ನು ಪುಡಿ ಮಾಡಿ, ಆಯಸ್ಕಾಂತದಿಂದ ಬೇರ್ಪಡಿಸಿ, ಸುಮಾರು 67 ಶೇಕಡಾಕ್ಕೆ ಏರಿಸಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಮಂಗಳೂರಿನ ಬಂದರಿಗೆ ಕಳಿಸುತ್ತಿದ್ದರು. ಇಂಥ ಘಟ್ಟದಲ್ಲಿ ಆ ಪೈಪ್‌ಲೈನ್ ಹಾಕಿದ್ದು ಸಣ್ಣ ಸಾಧನೆಯಲ್ಲ.

ಆದರೆ ಮಾಸ್ ಬ್ಯಾಲೆನ್ಸ್ ಬರೆದು ನೋಡಿ. 38ರ ಅದಿರಿನಿಂದ 67ರ ಸಾರ ತೆಗೆದರೆ, ಎಷ್ಟೇ ಚೆನ್ನಾಗಿ ಬೇರ್ಪಡಿಸಿದರೂ ಅಗೆದದ್ದರಲ್ಲಿ ಹತ್ತಿರ ಹತ್ತಿರ ಅರ್ಧ ನುಣ್ಣನೆಯ ಕೆಸರಾಗಿ ಉಳಿಯುತ್ತದೆ. ಅದನ್ನು ಹಿಡಿದಿಡೋಕೆ ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಿದರು. ಭದ್ರೆಗೆ ಹೂಳು ಸೇರುತ್ತಿದೆ, ಕಾಡು ಹಾಳಾಗುತ್ತಿದೆ ಎಂಬ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಗಣಿ ಮುಚ್ಚಬಹುದು. ಲಕ್ಯಾ ಅಣೆಕಟ್ಟಿಗೆ ನಿವೃತ್ತಿ ಇಲ್ಲ. ನೀರಿನ ಅಣೆಕಟ್ಟು ಬೇಡವಾದರೆ ಖಾಲಿ ಮಾಡಬಹುದು; ಕೆಸರಿನದನ್ನು ಹಾಗೆ ಮಾಡೋಕೆ ಬರಲ್ಲ. ಪ್ರತಿ ಮಳೆಗಾಲದಲ್ಲೂ ಹೆಚ್ಚುವರಿ ನೀರು ಸುರಕ್ಷಿತವಾಗಿ ಹೊರಹೋಗಬೇಕು, ಕಟ್ಟೆಯೊಳಗಿನ ಜಿನುಗು ಹದ್ದುಬಸ್ತಿನಲ್ಲಿರಬೇಕು, ಯಾರಾದರೂ ಅದನ್ನು ಅಳೆಯುತ್ತಲೇ ಇರಬೇಕು. ಆದಾಯ ನಿಂತು ಎಷ್ಟೋ ವರ್ಷವಾದ ಮೇಲೂ ಈ ಖರ್ಚು ಇರುತ್ತದೆ. ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಯಂತ್ರದ ಆಯುಷ್ಯ ಇಪ್ಪತ್ತು ವರ್ಷ ಅಂತ ಬರೆದು ಮುಗಿಸುತ್ತೇವೆ. ಇಪ್ಪತ್ತೊಂದನೇ ವರ್ಷದ ಕಾಲಂ ಇರೋದೇ ಇಲ್ಲ.

ಹಾಗಂತ ಎಲ್ಲ ಸರಳ ಅಂತಲೂ ಅಲ್ಲ. ಗಣಿ ನಿಂತಾಗ ಒಂದು ಊರಿನ ಬದುಕೇ ಖಾಲಿಯಾಯಿತು. ಉದ್ಯಾನದ ಒಳಗೆ ಮಲೆಕುಡಿಯರು ಸೇರಿದಂತೆ ತಲೆಮಾರುಗಳಿಂದ ಇರುವ ಕುಟುಂಬಗಳಿವೆ. ರಸ್ತೆ, ಕರೆಂಟು, ಸ್ಥಳಾಂತರ ಅವರ ನಿತ್ಯದ ಚಿಂತೆ. ನಮ್ಮ ಡ್ರೈವರ್ ಹೇಳಿದ್ದು ಇಷ್ಟೇ: "ನೀವು ಎರಡು ದಿನಕ್ಕೆ ಬರ್ತೀರಿ ಸಾರ್, ಚೆನ್ನಾಗಿದೆ ಅಂತೀರಿ. ನಮಗೆ ಮಳೆಗಾಲದಲ್ಲಿ ಹುಷಾರಿಲ್ಲದವರನ್ನ ಆಸ್ಪತ್ರೆಗೆ ಒಯ್ಯೋದೇ ಒಂದು ಟ್ರೆಕ್ಕು." ಅಪ್ಪ ಏನೂ ಹೇಳಲಿಲ್ಲ. ನಮ್ಮ ಚಾನೆಲ್‌ಗೆ ನೀರು ಬರಲಿ ಅಂತ ಈ ಕಾಡು ಉಳಿಯಬೇಕಾದರೆ, ಅದರ ಭಾರವನ್ನು ಅಲ್ಲಿರುವವರೊಬ್ಬರೇ ಹೊರಬೇಕೇ ಅನ್ನೋ ಪ್ರಶ್ನೆ ಕೆಳಗಿನ ಊರಿನವರಾದ ನಮ್ಮದೂ ಹೌದು.

ನೀವು ಹೋದರೆ

ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮನೆಮಂದಿಗೆ ಒಳ್ಳೆ ಸಮಯ. ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭಯ. ಉದ್ಯಾನದ ರಸ್ತೆಯನ್ನು ಹಗಲಿನಲ್ಲೇ ದಾಟಿ, ಕಂಡಲ್ಲೆಲ್ಲ ಗಾಡಿ ನಿಲ್ಲಿಸಬೇಡಿ, ಒಯ್ದ ಪ್ಲಾಸ್ಟಿಕ್ ವಾಪಸ್ ತನ್ನಿ. ಶಿಖರದ ಮೇಲೆ ಕರಾವಳಿಗಿಂತ ಹತ್ತು-ಹನ್ನೆರಡು ಡಿಗ್ರಿ ಚಳಿ ಹೆಚ್ಚು, ಹಾಗಾಗಿ ಟ್ರೆಕ್ ಮಾಡುವವರು ಸ್ವೆಟರ್ ಮರೆಯಬೇಡಿ.

ಸಿವಿಲ್‌ನ ಗೆಳೆಯರಿಗೆ ಒಂದು ಮಿನಿ ಪ್ರಾಜೆಕ್ಟ್ ಐಡಿಯಾ: ಕಳಸದಲ್ಲಿ ಭದ್ರೆಯ ದಡದ ಮೇಲೆ ನಿಂತು ಹತ್ತು ಮೀಟರ್ ಗುರುತು ಮಾಡಿಕೊಳ್ಳಿ, ನೀರಿಗೆ ಒಂದು ಎಲೆ ಬಿಟ್ಟು ಸ್ಟಾಪ್‌ವಾಚ್ ಒತ್ತಿ. ನವೆಂಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ, ಅದೇ ಜಾಗದಲ್ಲಿ. ಅಗಲ, ಆಳದ ಅಂದಾಜು ಸೇರಿಸಿದರೆ ಹರಿವಿನ ಲೆಕ್ಕ ಸಿಗುತ್ತದೆ. ಎರಡು ಮೂರು ವರ್ಷ ಬೇರೆ ಬೇರೆ ಬ್ಯಾಚ್‌ನವರು ಇದನ್ನು ಮುಂದುವರಿಸಿದರೆ ಬೆಟ್ಟ ನೀರನ್ನು ಎಷ್ಟು ತಡೆದು ಬಿಡುತ್ತಿದೆ ಅನ್ನೋದಕ್ಕೆ ನಮ್ಮದೇ ಅಂಕಿಗಳು ಇರುತ್ತವೆ. ಅಳತೆ ಮಾಡಿದವರು ಸಂಘಕ್ಕೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.