ಗೋಡೆಯಾಚೆಯ ಕೆಟಲ್ಲು

ಶುಕ್ರವಾರ ಸಂಜೆ ಏಳಾಗುವುದರೊಳಗೆ ಮನೆಯೊಡತಿಯ ತೊಡೆಯ ಮೇಲೆ ‘ರೇಡಿಯೊ ಟೈಮ್ಸ್’ ಬಿಚ್ಚಿಕೊಂಡಿರುತ್ತಿತ್ತು. ಹೆಸರು ರೇಡಿಯೊ, ಒಳಗೆ ತುಂಬಿರುವುದೆಲ್ಲ ಟೀವಿ. 1923ರಲ್ಲಿ ಹುಟ್ಟಿದ ಪತ್ರಿಕೆ. ಆಗ ಟೀವಿಯೇ ಇರಲಿಲ್ಲ, ಬಂದ ಮೇಲೂ ಹೆಸರು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅಂದು ನೋಡಬೇಕಾದ್ದಕ್ಕೆಲ್ಲ ಆಕೆ ನೀಲಿ ಬಾಲ್‌ಪೆನ್ನಿನಲ್ಲಿ ಸುತ್ತು ಹಾಕಿಡುತ್ತಿದ್ದರು.

ಊರು ಲೆಸ್ಟರ್. 2000ನೇ ಇಸವಿಯ ಏಪ್ರಿಲ್ ಕೊನೆ. ಕೆಂಪು ಇಟ್ಟಿಗೆಯ ಸಾಲುಮನೆಗಳ ಬೀದಿಯಲ್ಲಿ ನಾನು ಮಹಡಿಯ ಕೋಣೆಗೆ ಬಾಡಿಗೆದಾರ. ಆಕೆ ನನ್ನನ್ನು ಕರೆಯುತ್ತಿದ್ದುದು ‘ಮಿ ಡಕ್’ ಎಂದು. ಆ ಕಡೆಯವರು ಅಕ್ಕರೆಯಿಂದ ಹಾಗೆನ್ನುತ್ತಾರೆಂದು ತಿಳಿಯುವವರೆಗೆ ಬಾತುಕೋಳಿಗೂ ನನಗೂ ಏನು ಹೋಲಿಕೆಯೆಂದು ಕನ್ನಡಿ ನೋಡಿಕೊಂಡಿದ್ದುಂಟು.

ಏಳೂವರೆಗೆ ‘ಕೊರೊನೇಶನ್ ಸ್ಟ್ರೀಟ್’. ತುತ್ತೂರಿಯ ಅಳುಮೋರೆ ರಾಗ, ಸಾಲು ಸಾಲು ಹೆಂಚಿನ ಮಾಡು, ಮಾಡಿನ ಮೇಲೊಂದು ಬೆಕ್ಕು. ನಮ್ಮ ಬೀದಿಯನ್ನೇ ಯಾರೋ ಕದ್ದು ಪೆಟ್ಟಿಗೆಯೊಳಗೆ ಇಟ್ಟಂತೆ. 1960ರ ಡಿಸೆಂಬರ್ 9ರಂದು ಶುರುವಾದ ಈ ಧಾರಾವಾಹಿಯ ಮೊದಲ ಕಂತಿನಲ್ಲಿ ಕಾಲೇಜು ಹುಡುಗನಾಗಿ ಬಂದ ಕೆನ್ ಬಾರ್ಲೊ ಇನ್ನೂ ಅಲ್ಲೇ ಇದ್ದ. ಪಾತ್ರ ಮಾಡುತ್ತಿದ್ದುದೂ ಅದೇ ವಿಲಿಯಂ ರೋಚ್. ನಟನೂ ಪಾತ್ರವೂ ಒಟ್ಟಿಗೆ ಮುದುಕರಾಗುವುದನ್ನು ಮನೆಯೊಡತಿ ತಮ್ಮ ಸೋಫಾದಿಂದಲೇ ನೋಡಿದ್ದರು. ಧಾರಾವಾಹಿಯ ಬೀದಿಯಲ್ಲಿ ದೇವ್ ಅಲಹಾನ್ ಎಂಬ ಅಂಗಡಿಯವನು ಹೊಸದಾಗಿ ಕಾಣಿಸಿಕೊಂಡಿದ್ದ. ಅವನು ತೆರೆಗೆ ಬಂದಾಗಲೆಲ್ಲ ಆಕೆ ನನ್ನತ್ತ ತಿರುಗಿ, ‘ನಿಮ್ಮ ಕಡೆಯವನಾ?’ ಎನ್ನುತ್ತಿದ್ದರು. ನಮ್ಮೂರಾದ ಸಾಗರದಲ್ಲಿ ಅಲಹಾನ್ ಎಂಬ ಮನೆತನವಿಲ್ಲವೆಂದು ವಿವರಿಸಿ ಸೋತು, ‘ದೂರದ ಸಂಬಂಧ’ ಎಂದುಬಿಟ್ಟೆ.

ಏಳೂ ಮುಕ್ಕಾಲಿಗೆ ಜಾಹೀರಾತು. ಆಕೆ ಎದ್ದು ಅಡುಗೆಮನೆಗೆ ಹೋಗಿ ಕೆಟಲ್ಲಿನ ಗುಂಡಿ ಒತ್ತುತ್ತಾರೆ. ಪಕ್ಕದ ಮನೆಗೂ ನಮಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದರಾಚೆಯಿಂದಲೂ ತುತ್ತೂರಿ ರಾಗ ಕೇಳಿಸುತ್ತಿತ್ತು, ಆಚೆಯ ಕೆಟಲ್ಲು ಕುದಿಯುವ ಮೊರೆತವೂ ಕೇಳಿಸುತ್ತಿತ್ತು. ಅಲ್ಲಿದ್ದದ್ದು ಒಬ್ಬಂಟಿ ಮುದುಕ. ಹಿತ್ತಿಲ ಬೇಲಿಗೆ ಆತ ಲೇಲ್ಯಾಂಡಿ ನೆಟ್ಟಿದ್ದ. ವರ್ಷಕ್ಕೆ ಹತ್ತಿರ ಹತ್ತಿರ ಒಂದು ಮೀಟರು ಏರುವ ಆ ಮರ ಈಕೆಯ ಹೂವಿನ ಪಾತಿಗೆ ಬಿಸಿಲು ಬೀಳದಂತೆ ಮಾಡಿತ್ತು. ಹಾಗಾಗಿ ಇಬ್ಬರಿಗೂ ಮಾತಿಲ್ಲ. ಚಹಾ ಮಾತ್ರ ಒಂದೇ ಹೊತ್ತಿಗೆ.

ಇಬ್ಬರದೇ ಏನು, ಇಡೀ ದೇಶದ್ದು. ಜನಪ್ರಿಯ ಧಾರಾವಾಹಿಯ ನಡುವೆಯೋ ಕೊನೆಯಲ್ಲೋ ಲಕ್ಷಗಟ್ಟಲೆ ಕೆಟಲ್ಲು ಒಮ್ಮೆಗೇ ಉರಿಯುತ್ತವೆ. ಗ್ರಿಡ್ಡಿನ ನಿಯಂತ್ರಣ ಕೊಠಡಿಯಲ್ಲಿ ಕೂತ ಎಂಜಿನಿಯರುಗಳು ಟೀವಿ ವೇಳಾಪಟ್ಟಿ ಮುಂದಿಟ್ಟುಕೊಂಡು ಆ ಗಳಿಗೆಗೆ ಕಾಯುತ್ತಾರೆ. 1990ರ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್ಲಿನಲ್ಲಿ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಪಶ್ಚಿಮ ಜರ್ಮನಿಗೆ ಸೋತಾಗ ಬೇಡಿಕೆ ಒಂದೇ ನೆಗೆತಕ್ಕೆ 2,800 ಮೆಗಾವಾಟ್ ಏರಿತ್ತು. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 1,035 ಮೆಗಾವಾಟ್. ಅಂಥ ಎರಡೂವರೆ ಶರಾವತಿಗಿಂತ ಹೆಚ್ಚು ಶಕ್ತಿಯನ್ನು ಸೋಲಿನ ದುಃಖದಲ್ಲಿ ಚಹಾಕ್ಕೆ ಸುರಿದಿದ್ದರು. ಇದಕ್ಕೆಂದೇ ವೇಲ್ಸಿನಲ್ಲಿ ಡಿನೋರ್ವಿಗ್ ಇದೆ. ಹಲಗೆಕಲ್ಲಿನ ಹಳೆಯ ಗಣಿಯ ಗುಡ್ಡ ಕೊರೆದು 1984ರಲ್ಲಿ ತೆರೆದ 1,728 ಮೆಗಾವಾಟಿನ ಸ್ಥಾವರ. ರಾತ್ರಿ ಕರೆಂಟು ಅಗ್ಗವಿರುವಾಗ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಎತ್ತಿಟ್ಟುಕೊಂಡಿರುವುದು, ಕೆಟಲ್ಲುಗಳು ಎದ್ದಾಗ ಗುಡ್ಡದ ಹೊಟ್ಟೆಯೊಳಗಿಂದ ಕೆಳಕ್ಕೆ ಬಿಡುವುದು. ಸಜ್ಜಾಗಿ ತಿರುಗುತ್ತಿರುವ ಟರ್ಬೈನುಗಳು ಕಾಲು ನಿಮಿಷದ ಆಸುಪಾಸಿನಲ್ಲಿ ಸಾವಿರ ಮೆಗಾವಾಟ್ ದಾಟಿಸುತ್ತವೆ.

ಇದನ್ನು ಓದಿದಾಗ ನನಗೆ ಬೆರಗಿಗಿಂತ ಹೊಟ್ಟೆಕಿಚ್ಚಾಯಿತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಕಾಣುವ ಊರಿನವರು ನಾವು. ಆದರೂ ಧಾರಾವಾಹಿಯ ಸೊಸೆ ಬಾಯಿ ತೆರೆಯುವ ಹೊತ್ತಿಗೇ ನಮ್ಮಲ್ಲಿ ಕರೆಂಟು ಹೋಗುತ್ತಿತ್ತು. ಮುಂದೇನಾಯಿತೆಂದು ಮಾರನೆಯ ಬೆಳಿಗ್ಗೆ ಪೇಟೆಯವರನ್ನು ಕೇಳಬೇಕು.

ಅಂಥ ಒಂದು ಶುಕ್ರವಾರ ಜಾಹೀರಾತು ಬಂತು, ನಮ್ಮ ಕೆಟಲ್ಲು ಮೊರೆಯಿತು, ಗೋಡೆಯಾಚೆ ಸದ್ದಿಲ್ಲ. ಆಕೆ ಒಂದು ಕ್ಷಣ ನಿಂತರು. ‘ಹಾಲು ಮುಗಿದಿರಬೇಕು’ ಎಂದು ಗೊಣಗಿ ಕೂತರು. ಎಂಟಕ್ಕೆ ಕಂತು ಮುಗಿದಾಗಲೂ ಸದ್ದಿಲ್ಲ.

ಆಮೇಲೆ ಬಿಬಿಸಿ ಎರಡರಲ್ಲಿ ‘ಗಾರ್ಡನರ್ಸ್ ವರ್ಲ್ಡ್’. 1968ರಿಂದ ನಡೆದು ಬಂದ ಕಾರ್ಯಕ್ರಮ. ಆಕೆಯ ಮಟ್ಟಿಗೆ ಅದರ ನಿಜವಾದ ಯಜಮಾನ ಜೆಫ್ ಹ್ಯಾಮಿಲ್ಟನ್. ಪಕ್ಕದ ರಟ್ಲೆಂಡಿನ ಬಾರ್ನ್ಸ್‌ಡೇಲಿನಲ್ಲಿ ತೋಟ ಮಾಡಿ, ಕಡಿಮೆ ಖರ್ಚಿನಲ್ಲಿ, ವಿಷ ಹಾಕದೆ ಗಿಡ ಬೆಳೆಸುವುದನ್ನು ಕಲಿಸಿದವರು. 1996ರಲ್ಲಿ ಧರ್ಮಾರ್ಥದ ಸೈಕಲ್ ಯಾತ್ರೆಯೊಂದರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬಳಿಕ ಬಂದ ಅಲನ್ ಟಿಚ್‌ಮಾರ್ಷ್ ಹ್ಯಾಂಪ್‌ಷೈರಿನ ತಮ್ಮದೇ ತೋಟದಿಂದ ಮಾತಾಡುತ್ತಿದ್ದರು. ‘ಪಾಪ, ಚೆನ್ನಾಗೇ ಮಾಡ್ತಾನೆ’ ಎಂಬುದು ಆಕೆಯ ತೀರ್ಪು. ಅದೇ ಟಿಚ್‌ಮಾರ್ಷ್ ‘ಗ್ರೌಂಡ್ ಫೋರ್ಸ್’ನಲ್ಲಿ ಎರಡೇ ದಿನದಲ್ಲಿ ಹಿತ್ತಿಲನ್ನು ಹಲಗೆ, ಕಾರಂಜಿ ಸಮೇತ ಬದಲಿಸುತ್ತಿದ್ದರು. ಅದನ್ನು ಮಾತ್ರ ಆಕೆ ಕ್ಷಮಿಸಿರಲಿಲ್ಲ. ನಾನೂ ಆಕೆಯ ಪಕ್ಷವೇ. ಗಿಡವೆಂದರೆ ಕಾಯುವ ಕೆಲಸ.

ತೋಟದ ಕಾರ್ಯಕ್ರಮ ನೋಡುವಾಗ ಆಕೆಯ ಮಡಿಲಲ್ಲಿ ಹಳೆಯ ಪತ್ರಿಕೆ, ಅದರ ಮೇಲೆ ಡೇರೆ ಗೆಡ್ಡೆ. ಚಳಿಗಾಲವಿಡೀ ಶೆಡ್ಡಿನಲ್ಲಿ ಒಣಮಣ್ಣಿನಲ್ಲಿ ಹುಗಿದಿಟ್ಟವು. ಒಂದೊಂದನ್ನೇ ಎತ್ತಿ, ಕೊಳೆತ ಬೆರಳನ್ನು ಚಾಕುವಿನಲ್ಲಿ ಕೊಯ್ದು, ಕುತ್ತಿಗೆಯ ಬುಡವನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಅಲ್ಲಿ ಸಾಸಿವೆಯಷ್ಟು ಗುಲಾಬಿ ಮೊಳಕೆ ಸಿಕ್ಕರೆ ಗೆಡ್ಡೆ ಬದುಕಿದೆ. ನಮ್ಮಮ್ಮ ಅಟ್ಟದಿಂದ ಗೆಡ್ಡೆ ಇಳಿಸಿ ಇದೇ ಜಾಗವನ್ನು ಇದೇ ಹೆಬ್ಬೆರಳಿನಿಂದ ಸವರುತ್ತಾಳೆ. ಮಲೆನಾಡಿನ ಹೆಂಗಸರು ಗೆಡ್ಡೆ ಕೊಟ್ಟು ತೆಗೆದುಕೊಂಡು ಸಂಬಂಧ ಬೆಳೆಸುವವರು. ಅಮ್ಮನಿಗೆ ಮಳೆ ಹಿಡಿಯುವ ಮುಂಚೆ ನೆಡಬೇಕು, ಮನೆಯೊಡತಿಗೆ ಇಬ್ಬನಿ ಹೆಪ್ಪುಗಟ್ಟುವುದು ನಿಂತ ಮೇಲೆ. ಎರಡೂ ಮೇ ಕೊನೆಗೇ ಬಂದು ನಿಲ್ಲುತ್ತದೆ.

ಅಂದು ಟೀವಿಯಲ್ಲಿ ಏನೋ ಒಳ್ಳೆಯ ಉಪಾಯ ಹೇಳುತ್ತಿದ್ದರು. ಆಕೆಯ ಕಿವಿ ಅಲ್ಲಿರಲಿಲ್ಲ. ಒಂದೇ ಗೆಡ್ಡೆಯನ್ನು ನಾಲ್ಕು ಸಲ ಸವರಿದರು.

ಕೊನೆಗೆ ಟೇಪು. ವಾರದ ನಡುವೆ ವಿಸಿಆರ್‌ನಲ್ಲಿ ಹಿಡಿದಿಟ್ಟ ‘ಚೇಂಜಿಂಗ್ ರೂಮ್ಸ್’. ಎರಡು ಮನೆಯವರು ಬೀಗದ ಕೈ ಅದಲುಬದಲು ಮಾಡಿಕೊಂಡು, ಎರಡು ದಿನದಲ್ಲಿ, 500 ಪೌಂಡಿನಲ್ಲಿ ಒಬ್ಬರ ಕೋಣೆಯನ್ನು ಇನ್ನೊಬ್ಬರು ಸಿಂಗರಿಸಬೇಕು. ಜತೆಗೊಬ್ಬ ವಿನ್ಯಾಸಕಾರ. ಅಂಥವರಲ್ಲಿ ಪ್ರಸಿದ್ಧ ಲಾರೆನ್ಸ್ ಲೆವೆಲಿನ್-ಬೋವೆನ್: ಭುಜಕ್ಕಿಳಿವ ಕೂದಲು, ನೆರಿಗೆಯ ತೋಳು, ಯಕ್ಷಗಾನದ ರಾಜವೇಷದ ಗತ್ತು. ಎಂಡಿಎಫ್ ಹಲಗೆ ಕೊಯ್ದು, ಮೊಳೆ ಹೊಡೆದು, ನೇರಳೆ ಬಣ್ಣ ಬಳಿದರೆ ಅರಮನೆ. ಮನೆಯವರು ಕಣ್ಣುಮುಚ್ಚಿ ಬಂದು ಕಣ್ಣು ಬಿಡುತ್ತಾರೆ. ಕೆಲವರು ಕುಣಿಯುತ್ತಾರೆ, ಕೆಲವರು ಅಳುತ್ತಾರೆ. ಒಂದು ಕಂತಿನಲ್ಲಿ ಸೂರಿನಿಂದ ತಂತಿ ಕಟ್ಟಿ ತೂಗುಬಿಟ್ಟ ಹಲಗೆ ಕುಸಿದು, ಮನೆಯಾಕೆ ಜೀವಮಾನವಿಡೀ ಕೂಡಿಸಿದ ಪುರಾತನ ಚಹಾಪಾತ್ರೆಗಳೆಲ್ಲ ಚೂರಾದವು. ನೆರೆಯವನು ಬಾಗಿಲು ತಟ್ಟುವ ಮುನ್ನ ಫೋನು ಮಾಡುವ ದೇಶದಲ್ಲಿ, ನೆರೆಯವನ ಕೈಗೆ ಬ್ರಷ್ಷು ಕೊಟ್ಟು ಮಲಗುವ ಕೋಣೆಗೆ ಬಿಡುವುದನ್ನು ಲಕ್ಷಾಂತರ ಜನ ಬಾಯಿ ಬಿಟ್ಟು ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

ಬಣ್ಣ ಒಂದು ಗೋಡೆಗೆ ಬಿದ್ದಿತ್ತಷ್ಟೆ, ಆಕೆ ಟೇಪು ನಿಲ್ಲಿಸಿದರು. ಹೊರಗೆ ಕತ್ತಲಾಗಿತ್ತು. ಪರದೆ ಸರಿಸಿ ನೋಡಿದರೆ ಪಕ್ಕದ ಕಿಟಕಿಯಲ್ಲಿ ಬೆಳಕಿಲ್ಲ.

‘ಹೋಗಿ ನೋಡಿಕೊಂಡು ಬಾ. ನಾನು ಕಳಿಸಿದೆ ಅನ್ನಬೇಡ.’

ಎರಡನೆಯ ಸಲ ಬಡಿದಾಗ ಬಾಗಿಲು ತೆರೆಯಿತು. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಬಸಿಯ ಮೇಲೆ ನಿಲ್ಲಿಸಿದ ಮೇಣದಬತ್ತಿ. ಏಳೂ ಮುಕ್ಕಾಲಾಗುತ್ತಿದ್ದಂತೆ ಫ್ಯೂಸು ಹಾರಿತ್ತಂತೆ, ಎಲೆಕ್ಟ್ರಿಷಿಯನ್ನು ಬರುವುದು ಬೆಳಿಗ್ಗೆಯೇ ಅಂತೆ. ಡಿನೋರ್ವಿಗ್‌ನ ಗುಡ್ಡವಿಡೀ ತಿರುಗಿದರೂ ಆ ಮನೆಗೆ ಒಂದು ಲೋಟ ಬಿಸಿನೀರು ಹುಟ್ಟಿರಲಿಲ್ಲ. ಏನಾದರೂ ಬೇಕೇ ಎಂದೆ. ಮುದುಕ ನಮ್ಮ ಬಾಗಿಲತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ಜಾಹೀರಾತಿನ ನಂತರ ಬೀದಿಯಲ್ಲಿ ಏನಾಯಿತೆಂದು ಕೇಳಿದ.

ನನಗೆ ಗೊತ್ತಿದ್ದಷ್ಟು ಕಥೆ ಹೇಳಿದೆ. ದೇವ್ ಅಲಹಾನನ ಭಾಗ ತುಸು ಉದ್ದವಾಯಿತು. ಹೊರಟಾಗ ಆತ ನನ್ನ ತೋಳು ಹಿಡಿದ.

‘ನಾನು ಅದನ್ನೆಲ್ಲ ನೋಡ್ತೀನಿ ಅಂತ ಅವಳಿಗೆ ಮಾತ್ರ ಹೇಳಬೇಡ.’